ನೀಲಿ ಅಂಚಿನ ತಟ್ಟೆ

"ಒಂದೇ ತಟ್ಟೆ ಯಾರಾದ್ರೂ ಬರೆಸ್ತಾರಾ ಮೇಡಂ? ಆರರ ಸೆಟ್ ಹಾಕ್ಲಾ?" ಎಂದಳು ಕೌಂಟರಿನ ಹುಡುಗಿ.

"ಬೇಡ. ಒಂದೇ ಒಂದು," ಎಂದಳು ಗುಬ್ಬಿ.

ಪಾತ್ರೆ ಪಡಗದ ಆ ದೊಡ್ಡ ಅಂಗಡಿಯಲ್ಲಿ, ಮದುವೆಯಾಗುವವರು ತಮಗೆ ಬೇಕಾದ ಉಡುಗೊರೆಗಳನ್ನು ಮೊದಲೇ ಬರೆಸಿಡಬಹುದಿತ್ತು. ನೆಂಟರಿಷ್ಟರು ಬಂದು ಅದರಲ್ಲೊಂದನ್ನು ಆರಿಸಿಕೊಂಡರೆ ಅಂಗಡಿಯವರೇ ಬಣ್ಣದ ಕಾಗದ ಸುತ್ತಿ ಕೊಡುತ್ತಿದ್ದರು. ಒಂದೇ ಮನೆಗೆ ರಾಶಿ ಗೋಡೆ ಗಡಿಯಾರ ಬಂದು ಬೀಳುವ ಪೀಡೆ ಇದರಿಂದ ತಪ್ಪುತ್ತಿತ್ತು. ಗುಬ್ಬಿಯನ್ನು ಮದುವೆಯಾಗಲಿದ್ದ ಲಿಫ್ಟ್ ಮೆಕ್ಯಾನಿಕ್ ಬೆಳಗಿನಿಂದ ಅಂಗಡಿಯ ಉದ್ದಗಲ ಅಲೆದು, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಕಾಲು ಚಾಚಿ ಮಲಗುವ ಕುರ್ಚಿ ಎಂದು ಬಾಯಿಗೆ ಬಂದದ್ದನ್ನೆಲ್ಲ ಬರೆಸಿ ಸುಸ್ತಾಗಿದ್ದ. ಗುಬ್ಬಿ ಕೈಯಲ್ಲಿ ಹಿಡಿದ ತಟ್ಟೆ ಕಂಡು ಅವನ ಹುಬ್ಬು ಮೇಲೇರಿತು. ಬಿಳಿ ಬಣ್ಣ ಬಳಿದ ತಗಡಿನ ತಟ್ಟೆ, ಸುತ್ತ ನೀಲಿ ಅಂಚು.

"ಇದ್ಯಾಕೆ? ನಾಯಿ ಗೀಯಿ ಸಾಕೋ ಯೋಚನೆ ಇದ್ಯಾ?"

"ಇದು ದೊಡ್ಡಮ್ಮನ ಲೆಕ್ಕಕ್ಕೆ."

"ಅವರಿಗೆ ಕೊಡೋಕಾ?"

"ಅಲ್ಲ. ಅವರು ನಮಗೆ ಕೊಡೋಕೆ."

ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಗುಬ್ಬಿ ಬೆಳೆದದ್ದು ದೊಡ್ಡಪ್ಪನ ಮನೆಯಲ್ಲಿ. ದೊಡ್ಡಪ್ಪ ಇದ್ದೂ ಇಲ್ಲದಂಥವರು. ಮನೆಯಲ್ಲಿ ನಡೆಯುತ್ತಿದ್ದದ್ದು ದೊಡ್ಡಮ್ಮನ ಮಾತು. ದೊಡ್ಡಮ್ಮನ ಮಗಳಿಗೆ ಮೇಜು, ಪಿಂಗಾಣಿ ತಟ್ಟೆ. ಗುಬ್ಬಿಗೆ ಅಡುಗೆಮನೆ ಬಾಗಿಲ ಪಕ್ಕದ ಗಿಡ್ಡ ಸ್ಟೂಲು, ನೀಲಿ ಅಂಚಿನ ತಗಡಿನ ತಟ್ಟೆ. ಅದನ್ನು ತೊಳೆದು ಬೇರೆಯೇ ಇಡಬೇಕು. ಎರಡನೇ ಸಲ ಬಡಿಸಲು ಆ ಕಡೆ ಯಾರೂ ಬರುತ್ತಿರಲಿಲ್ಲ. ಬಸ್ಸಿಗೆ ಕಾಯುತ್ತ ನಿಂತಾಗ ಗುಬ್ಬಿ ಇಷ್ಟನ್ನು ಅವನಿಗೆ ಹೇಳಿದಳು. "ಗೋಡೆ ಕಡೆ ತಿರುಗಿ ಉಣ್ಣು, ನೀನು ಹಾಗೆ ನೋಡ್ತಿದ್ರೆ ನನ್ನ ಮಗಳಿಗೆ ತುತ್ತು ಇಳಿಯಲ್ಲ" ಎಂದು ದೊಡ್ಡಮ್ಮ ಹೇಳುತ್ತಿದ್ದದ್ದನ್ನು ಮಾತ್ರ ಹೇಳಲಿಲ್ಲ. ಅದನ್ನು ಅವಳು ಯಾರಿಗೂ ಹೇಳಿದವಳಲ್ಲ.

ದೊಡ್ಡಮ್ಮ ಯಾವ ಅಂಗಡಿಗೆ ಹೋದರೂ ಮೊದಲು ಕೇಳುವುದು "ಇದಕ್ಕಿಂತ ಕಡಿಮೇದು ಇಲ್ವಾ?" ಎಂದೇ. ಆದ್ದರಿಂದ ಗುಬ್ಬಿ ಚಮಚ, ಟವೆಲ್ಲು, ಲೋಟ ಯಾವುದನ್ನೂ ಬರೆಸಿರಲಿಲ್ಲ. ಅಗ್ಗದ ವಸ್ತು ಅಂತ ಉಳಿದದ್ದು ಆ ತಟ್ಟೆಯೊಂದೇ. ದೊಡ್ಡಮ್ಮ ಅದಕ್ಕೇ ಕೈ ಹಾಕುತ್ತಾರೆ. ಉಡುಗೊರೆ ಬಿಚ್ಚುವ ದಿನ ಎಲ್ಲರ ಎದುರು ಅದನ್ನು ಮೇಲೆತ್ತಿ ಹಿಡಿದು, ಇಂಥದ್ದರಲ್ಲಿ ತಾನು ಎಲ್ಲಿ ಕೂತು, ಹೇಗೆ ಉಣ್ಣುತ್ತಿದ್ದೆ ಎಂದು ಹೇಳಿಬಿಡಬೇಕು. ಊರಿಗೆಲ್ಲ ಒಳ್ಳೆಯವರೆನಿಸಿಕೊಂಡ ಆ ಮುಖ ಕಪ್ಪಿಡುವುದನ್ನು ಕಣ್ಣಾರೆ ನೋಡಬೇಕು. ಇದನ್ನೂ ಅವನಿಗೆ ಹೇಳಿದಳು.

"ನಾವು ಮದುವೆ ಮಾಡ್ಕೋತಿದೀವೋ, ಹಗೆ ತೀರಿಸ್ಕೋತಿದೀವೋ?" ಎಂದ ಮೆಕ್ಯಾನಿಕ್.

"ಎರಡೂ."

ಅವನು ನಗಲು ನೋಡಿದ, ಆಗಲಿಲ್ಲ. "ಹಲ್ಲು ಸೆಟ್ಟು ಮಾಡ್ಕೊಟ್ಟೆಯಲ್ಲ, ಆಗಲೇ ತೀರಿಸ್ಕೋಬಹುದಿತ್ತು."

ಗುಬ್ಬಿಯ ಕೆಲಸ ಕಟ್ಟುಹಲ್ಲು ತಯಾರಿಸುವುದು. ಹೋದ ವರ್ಷ ದೊಡ್ಡಮ್ಮನಿಗೂ ಅವಳೇ ಮಾಡಿಕೊಟ್ಟಿದ್ದಳು. ಒಂದು ಹಲ್ಲನ್ನು ಎಳ್ಳಷ್ಟು ಎತ್ತರ ಬಿಟ್ಟಿದ್ದರೆ ಸಾಕಿತ್ತು, ತುತ್ತುತುತ್ತಿಗೂ ವಸಡು ನೋಯುತ್ತಿತ್ತು. ಬಿಡಲಿಲ್ಲ. "ಕೆಲಸ ಕೆಡಿಸೋಳಲ್ಲ ನಾನು," ಎಂದಳು. "ಅವರು ಚೆನ್ನಾಗಿ ಅಗೀಲಿ. ನನಗೆ ಬೇಕಾಗಿರೋದೇ ಬೇರೆ."

ಮದುವೆ ಮುಗಿದ ವಾರದಲ್ಲಿ ಹತ್ತಿರದವರೆಲ್ಲ ಹೊಸ ಮನೆಗೆ ಊಟಕ್ಕೆ ಬಂದರು. ಉಡುಗೊರೆಗಳನ್ನು ಬಿಚ್ಚುತ್ತ ಬಂದಂತೆ ನೆಲದ ತುಂಬ ಬಣ್ಣದ ಕಾಗದ ಹರಡಿತು. ತೆಳ್ಳನೆಯ ದುಂಡು ಪೊಟ್ಟಣ ಕೈಗೆ ಸಿಕ್ಕಾಗ ಗುಬ್ಬಿ ಅದರ ಮೇಲಿನ ಹೆಸರು ನೋಡಿದಳು, ದೊಡ್ಡಮ್ಮನದೇ. ಅಂದುಕೊಂಡದ್ದು ಅಂದುಕೊಂಡ ಹಾಗೇ ಆಗಿತ್ತು. ಕಾಗದ ಹರಿದು ತಟ್ಟೆಯನ್ನು ಮೇಲೆತ್ತಿ ಹಿಡಿದಳು. ಬಾಯಿ ತೆರೆಯಬೇಕು, ಅಷ್ಟರಲ್ಲಿ ದೊಡ್ಡಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡರು.

"ನಿಮಗೆಲ್ಲ ಗೊತ್ತಾ? ಇವಳು ಚಿಕ್ಕವಳಿದ್ದಾಗ ಇಂಥದ್ದೇ ಒಂದು ತಟ್ಟೆ ಇತ್ತು. ಅದೇ ಬೇಕು ಅಂತ ಹಟ! ಪಿಂಗಾಣಿ ತಟ್ಟೆ ಕೊಟ್ರೆ ಆ ಕಡೆ ತಳ್ಳೋಳು. ಅಂಗಡೀಲಿ ಇದನ್ನ ನೋಡಿದ ತಕ್ಷಣ ಕರುಳು ಚುರ್ ಅಂತು. ಮಗು ಇನ್ನೂ ಮರೆತಿಲ್ಲ ನೋಡು ಅಂದ್ಕೊಂಡೆ."

"ಹೆತ್ತ ತಾಯಿನೂ ಇಷ್ಟು ನೆನಪಿಟ್ಕೊಳ್ಳಲ್ಲ ಬಿಡಿ," ಎಂದರು ಮೆಕ್ಯಾನಿಕ್‌ನ ಅಮ್ಮ. ಅವರ ಕಣ್ಣೂ ಒದ್ದೆಯಾಗಿತ್ತು. ಯಾರೋ ತಟ್ಟೆಯನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಅಷ್ಟು ವರ್ಷ ನುಂಗಿಕೊಂಡಿದ್ದನ್ನು ಈ ಹೆಂಗಸು ಎಷ್ಟು ಸಲೀಸಾಗಿ ತನ್ನ ಹಿರಿಮೆ ಮಾಡಿಕೊಂಡಳಲ್ಲ! ಗುಬ್ಬಿಯ ಮೈ ಉರಿದುಹೋಯಿತು. ಈಗ ನಿಜ ಹೇಳಿದರೆ ತಾನೇ ಉಂಡ ಮನೆಗೆ ಎರಡು ಬಗೆದವಳಾಗುತ್ತಾಳೆ. ಮೆಕ್ಯಾನಿಕ್ ಅವಳ ಮುಖ ನೋಡಿ, "ಬಿಡು ಗುಬ್ಬಿ," ಎಂದು ಮೆಲ್ಲಗೆ ಅಂದ.

ಗುಬ್ಬಿ ಬಿಡಲಿಲ್ಲ. ತಟ್ಟೆಯನ್ನು ಇಸಿದುಕೊಂಡು ಒಳಗೆ ಹೋಗಿ ತೊಳೆದಳು. ಮೆಕ್ಯಾನಿಕ್ ಬೂಟು ಹಾಕಿಕೊಳ್ಳಲು ಕೂರುತ್ತಿದ್ದ ಗಿಡ್ಡ ಸ್ಟೂಲನ್ನು ತಂದು ಅಡುಗೆಮನೆ ಬಾಗಿಲ ಪಕ್ಕ ಇಟ್ಟಳು. ಆಮೇಲೆ ನಗುನಗುತ್ತಲೇ ಬಂದು ದೊಡ್ಡಮ್ಮನ ಕೈ ಹಿಡಿದಳು.

"ಬನ್ನಿ ದೊಡ್ಡಮ್ಮ. ನಾನು ಕೂರ್ತಿದ್ದ ಹಾಗೇ ಕೂತು, ಇದರಲ್ಲೇ ಮೊದಲ ಊಟ ನೀವು ಮಾಡ್ಬೇಕು. ನಾನೇ ಬಡಿಸ್ತೀನಿ."

ದೊಡ್ಡಮ್ಮ ಸ್ಟೂಲನ್ನು ನೋಡಿದರು. ಮುಖದ ಮೇಲಿನ ನಗು ಹಾಗೇ ಇತ್ತು, ಕಣ್ಣು ಮಾತ್ರ ಅತ್ತಿತ್ತ ಹರಿದಾಡಿತು. "ಅಯ್ಯೋ, ನನ್ನ ಮಂಡಿ ನೋವು... ಮೇಜಿನ ಹತ್ರ ಎಲ್ಲರ ಜೊತೆ ಕೂತ್ಕೋತೀನಿ ಬಿಡೇ."

"ಇಲ್ಲ ಅನ್ನಬೇಡಿ, ಪಾಪ, ಎಷ್ಟು ಆಸೆಯಿಂದ ಕರೀತಿದಾಳೆ," ಎಂದರು ಮೆಕ್ಯಾನಿಕ್‌ನ ಅಮ್ಮ. ಉಳಿದವರೂ ದನಿಗೂಡಿಸಿದರು. ದೊಡ್ಡಮ್ಮನ ಸ್ವಂತ ಮಗಳೇ, "ಕೂತ್ಕೊಳ್ಳಮ್ಮ, ಫೋಟೋ ತೆಗೀತೀನಿ," ಎಂದು ಫೋನು ಹಿಡಿದು ನಿಂತಳು. ಈಗಷ್ಟೇ ಆಡಿದ ಮಾತನ್ನು ನುಂಗುವ ಹಾಗಿರಲಿಲ್ಲ. ದೊಡ್ಡಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ಮೆಲ್ಲನೆ ಕುಕ್ಕರಿಸಿದರು.

ಗುಬ್ಬಿ ಬಡಿಸಿದಳು. ಉಳಿದವರು ಮೇಜಿನ ಸುತ್ತ ಕೂತು ಮಾತಿಗೆ ತೊಡಗಿದರು. ದೊಡ್ಡಮ್ಮ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಮಂಡಿಗಳನ್ನು ಒಂದೊಂದಾಗಿ ಸರಿಸಿ, ಗೋಡೆಯ ಕಡೆ ತಿರುಗಿ ಕೂತರು.

ಹಾಗೆ ತಿರುಗಿ ಕೂರಲು ಅವರಿಗೆ ಯಾರೂ ಹೇಳಿರಲಿಲ್ಲ.

"ದೊಡ್ಡಮ್ಮ, ಈ ಕಡೆ ತಿರುಗಿ. ಅಲ್ಲೇನಿದೆ?" ಎಂದು ಮೆಕ್ಯಾನಿಕ್ ಕರೆದ. ಅವರು ತಿರುಗಲಿಲ್ಲ. ಗುಬ್ಬಿಗೆ ಖುಷಿಯಾಯಿತು, ಸುಳ್ಳೇಕೆ ಹೇಳಬೇಕು, ಮದುವೆಯ ದಿನವೂ ಅಷ್ಟು ಆಗಿರಲಿಲ್ಲ. ಅವಳು ಮೇಜಿನ ಸುತ್ತ ಹೋಗಿ ಎಲ್ಲರಿಗೂ ಬೇಕಾ ಬೇಕಾ ಎಂದು ಕೇಳಿ ಮತ್ತೆ ಬಡಿಸಿದಳು. ಬಾಗಿಲ ಹತ್ತಿರ ಬಂದಾಗ ನೀಲಿ ಅಂಚಿನ ತಟ್ಟೆ ಖಾಲಿಯಾಗಿತ್ತು. ದೊಡ್ಡಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಯನ್ನೇ ನೋಡುತ್ತಿದ್ದರು. ಗುಬ್ಬಿ ಅವರ ಬೆನ್ನ ಹಿಂದೆ, ತುಂಬಿದ ಸೌಟು ಹಿಡಿದು ನಿಂತಳು.