ಜೀವರತ್ನ ಹಿತುಕಿದ ಅವರೆ

ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಜನವರಿ ತಿಂಗಳ ಮೂರನೇ ವಾರ, ಮಧ್ಯಾಹ್ನ ಮೂರು ಗಂಟೆ. ಚಾಮರಾಜಪೇಟೆಯ ಆ ವಠಾರದಲ್ಲಿ ಊಟ ಮುಗಿಸಿದವರು ಬಿಸಿಲು ಕಾಯಲು ಹೊರಗೆ ಬಂದು ಕೂರುವ ಹೊತ್ತು. ಆ ಹೊತ್ತಿಗೆ ಸರಿಯಾಗಿ ಜೀವರತ್ನ ಮಾತ್ರ ಒಳಗೆ ಹೋಗಿ ಬಾಗಿಲಿಗೆ ಚಿಲಕ ಹಾಕುತ್ತಿದ್ದ. ಕಿಟಕಿಯ ಪರದೆ ಎಳೆಯುತ್ತಿದ್ದ. ಪರದೆಯ ಮೂಲೆ ಗಾಳಿಗೆ ಏಳುತ್ತದೆಂದು ಅದಕ್ಕೊಂದು ಬಟ್ಟೆಯ ಕ್ಲಿಪ್ಪು ಬೇರೆ. ಆಮೇಲೆ ಚಾಪೆ ಹಾಸಿ, ಹಿಂದಿನ ದಿನ ನೆನೆಹಾಕಿದ ಅವರೆಕಾಳಿನ ಬೋಗುಣಿಯನ್ನು ಎರಡು ಕಾಲಿನ ನಡುವೆ ಇಟ್ಟುಕೊಂಡು, ಆ ಮಬ್ಬಿನಲ್ಲಿ ಕಣ್ಣು ಉರಿಯುವವರೆಗೂ ಹಿತುಕಲು ಕೂರುತ್ತಿದ್ದ.

ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಹಿಡಿದು ಮೆಲ್ಲಗೆ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಜಾರಿ ಪಾತ್ರೆಗೆ ಬೀಳುತ್ತದೆ. ಜಾಸ್ತಿ ಒತ್ತಿದರೆ ಒಡೆದು ಎರಡಾಗುತ್ತದೆ. ಕಮ್ಮಿ ಒತ್ತಿದರೆ ಅಲ್ಲಾಡುವುದೇ ಇಲ್ಲ. ಜೀವರತ್ನನ ಕೈಯಲ್ಲಿ ಒಂದೂ ಒಡೆಯುತ್ತಿರಲಿಲ್ಲ.

ಮೂವತ್ತು ವರ್ಷ ಅವನು ಕಲಾಸಿಪಾಳ್ಯದ ಟೊಮೆಟೊ ಮಂಡಿಯಲ್ಲಿ ಹರಾಜು ಕೂಗಿದವನು. ಅವನು ಬಾಯಿ ತೆಗೆದರೆ ಶೀಟಿನ ಮೇಲಿನ ಕಾಗೆಗಳು ಏಳುತ್ತಿದ್ದವು ಎಂದು ಹಳಬರು ಈಗಲೂ ಹೇಳುತ್ತಾರೆ. ವರ್ಷಕ್ಕೊಮ್ಮೆ ಅವರ ಕ್ರೈಸ್ತ ದೇವಾಲಯದ ಸುಗ್ಗಿ ಹಬ್ಬದಲ್ಲೂ ಅವನದೇ ಕೂಗು. ಸಭೆಯವರು ತಮ್ಮ ಕೈಯಾರೆ ಬೆಳೆದದ್ದು, ಮಾಡಿದ್ದು, ಕುಂಬಳಕಾಯಿಯೋ, ಕೋಳಿಯೋ, ಕಜ್ಜಾಯವೋ ತಂದು ದೇವರ ಮುಂದೆ ಇಡುವುದು, ಆರಾಧನೆ ಮುಗಿದ ಮೇಲೆ ಅದನ್ನು ಅಂಗಳದಲ್ಲಿ ಹರಾಜು ಹಾಕುವುದು ಅಲ್ಲಿನ ಪದ್ಧತಿ. ಜೀವರತ್ನ ಕೂಗಿದರೆ ಒಂದು ಹಾಗಲಕಾಯಿಗೂ ನಾಲ್ಕು ಜನ ಜಗಳಕ್ಕೆ ನಿಲ್ಲುತ್ತಿದ್ದರು.

ಹೋದ ವರ್ಷದ ಹಿಂದಿನ ವರ್ಷ ಗಂಟಲಲ್ಲಿ ಗಡ್ಡೆ ಎದ್ದಿತು. ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಉಳಿದದ್ದು ಬರೀ ಉಸಿರಿನಂಥ ಪಿಸುಮಾತು. ಮಂಡಿಯವರು ಹಾರ ಹಾಕಿ ಕಳಿಸಿದರು. ಅವತ್ತಿನಿಂದ ಅವನು ಊಟಕ್ಕೆ ಮುಂಚೆ ಸ್ತೋತ್ರ ಹೇಳುವುದನ್ನೂ ಬಿಟ್ಟ. ದನಿಯಿಲ್ಲ ಎನ್ನುವುದು ನೆಪ. ಹೆಂಡತಿ ಸುಗುಣಾ ಒಬ್ಬಳೇ ಕಣ್ಣುಮುಚ್ಚಿ ಪ್ರಾರ್ಥಿಸುವಾಗ ಅವನು ತಟ್ಟೆ ನೋಡುತ್ತ ಕೂರುತ್ತಿದ್ದ.

ಮನೆ ನಡೆಯಬೇಕಲ್ಲ ಎಂದು ಸುಗುಣಾ ಹಿತುಕಿದ ಅವರೆಬೇಳೆ ಮಾರಲು ಹೊರಟಳು. ವಿಶ್ವೇಶ್ವರಪುರದ ತಿಂಡಿ ಬೀದಿಯಲ್ಲಿ ಇಬ್ಬರು ಅಂಗಡಿಯವರು, ಎನ್.ಆರ್. ಕಾಲೋನಿಯಲ್ಲಿ ಏಳೆಂಟು ಮನೆ ಹಿಡಿದಳು. ಒಂದೇ ತಿಂಗಳಲ್ಲಿ ಅವಳ ಹೆಬ್ಬೆರಳಿನ ಕೀಲು ಊದಿಕೊಂಡಿತು. ಒಂದು ಮಧ್ಯಾಹ್ನ ಅವಳು ಬೆರಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಗ ಜೀವರತ್ನ ಬೋಗುಣಿಯನ್ನು ತನ್ನ ಕಡೆ ಎಳೆದುಕೊಂಡ. ಒತ್ತಿ ನೋಡಿಯೇ ಟೊಮೆಟೊದ ಹದ ಹೇಳುತ್ತಿದ್ದ ಬೆರಳು ಅದು, ಅವರೆಯ ಹದವನ್ನು ಬೇಗನೆ ಕಲಿಯಿತು. ಕಲಿತ ಮೇಲೆ ಹೆಂಡತಿಗೆ ಒಂದೇ ಮಾತು ಹೇಳಿದ. ಯಾರಿಗೂ ಗೊತ್ತಾಗಬಾರದು. ಅವಳು ಒಪ್ಪಿದಳು. ಹಾಗಾಗಿ ಮಧ್ಯಾಹ್ನ ಅವಳು ಬೇಳೆ ಕೊಡಲು ಹೊರಗೆ, ಅವನು ಚಿಲಕ ಹಾಕಿಕೊಂಡು ಒಳಗೆ. ತಿಂಡಿ ಬೀದಿಯವರು ಸುಗುಣಕ್ಕನ ಕೈ ಅಂದರೆ ಕೈ ಎಂದು ಹೊಗಳುತ್ತಿದ್ದರು.

ವಠಾರದವರಿಗೆ ಕಂಡದ್ದು ಮಾತ್ರ ಬೇರೆ. ಕೆಲಸ ಕಳೆದುಕೊಂಡ ಗಂಡಸು, ಹಗಲು ಹೊತ್ತು ಚಿಲಕ, ಒಳಗಿನಿಂದ ಲೋಟ ತಟ್ಟಿದಂಥ ಸದ್ದು, ಬಾಗಿಲು ತಟ್ಟಿದರೆ ತೆಗೆಯಲು ಐದು ನಿಮಿಷ, ತೆಗೆದರೆ ಕೆಂಪಾದ ಕಣ್ಣು. ಎದುರು ಮನೆಯ ಮುನಿಕೃಷ್ಣಪ್ಪನೇ ಅವರೆಕಾಯಿ ಮೂಟೆ ತಂದುಕೊಡುತ್ತಿದ್ದವನು, ಅವನದು ತರಕಾರಿ ವ್ಯಾಪಾರ. ಇಬ್ಬರೂ ಮಂಡಿಯಲ್ಲಿ ಜೊತೆಗಿದ್ದವರು. ಒಂದು ದಿನ ಅವನು ಬಾಗಿಲು ತಟ್ಟಿದ. ಜೀವರತ್ನ ಬೋಗುಣಿಯನ್ನು ಮಂಚದ ಕೆಳಗೆ ತಳ್ಳಿ, ಸಿಪ್ಪೆಯ ಮೇಲೆ ಟವೆಲ್ ಎಸೆದು, ಬಾಗಿಲು ತೆಗೆದ.

ಮುನಿಕೃಷ್ಣಪ್ಪ ಚಳಿ, ಬಿಸಿಲು, ಹುರುಳಿಕಾಯಿ ರೇಟು ಎಲ್ಲ ಮಾತಾಡಿದ. ಕೊನೆಗೆ ದನಿ ತಗ್ಗಿಸಿದ.

"ಗುರು, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಮಧ್ಯಾಹ್ನಕ್ಕೇ ಶುರು ಮಾಡ್ಕೋತಿದೀಯಂತೆ?"

ಏನನ್ನು ಶುರು ಮಾಡಿಕೊಳ್ಳುವುದು ಎಂದು ತಿಳಿಯಲು ಜೀವರತ್ನನಿಗೆ ಒಂದು ಗಳಿಗೆ ಬೇಕಾಯಿತು. ಹುಟ್ಟಿದಾಗಿನಿಂದ ಹೆಂಡದ ಹನಿ ಮುಟ್ಟಿದವನಲ್ಲ. ಇಲ್ಲ ಎಂದರೆ ಮತ್ತೇನು ಮಾಡ್ತಿದೀಯ ಎಂದು ಕೇಳುತ್ತಾನೆ. ಮಂಚದ ಕೆಳಗಿನ ಬೋಗುಣಿ ನೆನಪಾಯಿತು.

"ಸ್ವಲ್ಪ," ಎಂದ.

ಮುನಿಕೃಷ್ಣಪ್ಪ ಅವನ ಬೆನ್ನು ತಟ್ಟಿದ. "ಹೋಗ್ಲಿ ಬಿಡು ಮಗಾ. ಗಂಡಸು ಅಂದ್ಮೇಲೆ ಕಷ್ಟ ಬಂದಾಗ ಅಷ್ಟೂ ಬೇಡ್ವಾ. ಮಿತಿಯಾಗಿರಲಿ."

ಅವನು ಹೋದಮೇಲೆ ಜೀವರತ್ನನಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಯಾರೋ ಅವನನ್ನು ಗಂಡಸು ಎಂದಿದ್ದರು.

ಸುದ್ದಿ ಗುರುವಾರದ ಹೊತ್ತಿಗೆ ದೇವಾಲಯ ಮುಟ್ಟಿತು. ಅವತ್ತು ಸಂಜೆ ನಾಲ್ಕಕ್ಕೆ ದೇವಾಲಯದ ಪಾದ್ರಿ ಅಯ್ಯನವರು ಇಬ್ಬರು ಸಭಾಹಿರಿಯರನ್ನು ಕರೆದುಕೊಂಡು ಬಂದರು. ಯಾರೂ ಕುಡಿತದ ಹೆಸರೆತ್ತಲಿಲ್ಲ, ಆರೋಗ್ಯ ವಿಚಾರಿಸಿದರು. ಒಬ್ಬ ಹಿರಿಯರಂತೂ ಬಾಟಲಿಗಾಗಿ ಕಪಾಟಿನ ಮೇಲೆ, ಬಾಗಿಲ ಹಿಂದೆ ಕಣ್ಣಾಡಿಸುತ್ತಿದ್ದರು. ಮಂಚದ ಕೆಳಗೆ ನೋಡಿಯಾರೆಂದು ಜೀವರತ್ನ ಕಾಲು ಅಡ್ಡ ಇಟ್ಟುಕೊಂಡು ಕೂತ. ಆಮೇಲೆ ಎಲ್ಲರೂ ಎದ್ದು ನಿಂತು ಕಣ್ಣುಮುಚ್ಚಿದರು. ಈ ಮನೆಯ ಯಜಮಾನನನ್ನು ಅಮಲಿನ ಕಟ್ಟಿನಿಂದ ಬಿಡಿಸು ತಂದೆಯೇ ಎಂದು ಅಯ್ಯನವರು ಕರಗಿ ಬೇಡುತ್ತಿದ್ದಾಗ ಸುಗುಣಾ ಖಾಲಿ ಡಬ್ಬಿಗಳ ಚೀಲ ಹಿಡಿದು ಹೊಸ್ತಿಲಿಗೆ ಬಂದಳು. ಅಲ್ಲೇ ನಿಂತು ಪೂರ್ತಿ ಕೇಳಿದಳು. ಆಮೆನ್ ಎನ್ನುವಾಗ ಅವಳೂ ಆಮೆನ್ ಎಂದಳು. ಎಲ್ಲರಿಗೂ ಕಾಫಿ ಕೊಟ್ಟು ಕಳಿಸಿದಳು.

ಬಾಗಿಲು ಮುಚ್ಚಿದ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಜೀವರತ್ನನೂ ನಗಲು ಶುರು ಮಾಡಿದ ಹೊತ್ತಿಗೆ ಅವಳ ನಗು ನಿಂತಿತ್ತು.

"ಹೌದು ಅಂದ್ರಾ ನೀವು?"

"ಇಲ್ಲ ಅನ್ನಲಿಲ್ಲ."

"ಯಾಕೆ?"

ಅವನು ಉಸಿರು ಕೂಡಿಸಿಕೊಂಡು ನಿಧಾನವಾಗಿ ಹೇಳಿದ. "ಕುಡುಕ ಅಂದ್ರೆ ಎರಡು ದಿನ ಆಡ್ಕೋತಾರೆ, ಸುಮ್ಮನಾಗ್ತಾರೆ. ಮನೇಲಿ ಕೂತು ಅವರೆಕಾಳು ಹಿತುಕ್ತಾನೆ ಅಂದ್ರೆ ಸಾಯೋವರೆಗೂ ಆಡ್ಕೋತಾರೆ. ಲಾರಿ ಡ್ರೈವರ್‌ಗಳು ನನ್ನ ಕೂಗಿಗೆ ಹೆದರ್ತಿದ್ರು ಸುಗುಣಾ. ದನಿ ಹೋಯ್ತು. ಹೆಸರಾದ್ರೂ ಇರ್ಲಿ."

"ನಿಮ್ಮ ಹೆಸರು ಉಳೀತು. ನನ್ನ ಕಥೆ? ನಿನ್ನೆ ದ್ರೌಪದಮ್ಮ ನೀರು ಹಿಡಿಯೋ ಜಾಗದಲ್ಲಿ ನನ್ನ ಕೈ ಹಿಡ್ಕೊಂಡು, ಹೊಡೀತಾರಾ ಅಂತ ಕೇಳಿದ್ರು. ಯಾಕೆ ಹಾಗೆ ಕೇಳ್ತಾರೆ ಅಂತ ನಂಗೆ ಈಗ ಗೊತ್ತಾಯ್ತು."

ದ್ರೌಪದಮ್ಮ ಮುನಿಕೃಷ್ಣಪ್ಪನ ಹೆಂಡತಿ. ಜೀವರತ್ನನ ಮುಖ ಇಳಿಯಿತು. ಅದನ್ನು ಅವನು ಯೋಚಿಸಿರಲಿಲ್ಲ.

ಸುಗುಣಾ ಮಂಚದ ಕೆಳಗಿನ ಬೋಗುಣಿ ಎಳೆದು ನಡುಮನೆಯಲ್ಲಿಟ್ಟಳು. "ಯೇಸುಸ್ವಾಮಿ ಸತ್ತು ಎದ್ದುಬಂದ ಮೇಲೆ ಸಮುದ್ರದ ದಡದಲ್ಲಿ ಏನ್ಮಾಡ್ತಿದ್ರು? ಕೆಂಡ ಹಾಕಿ ಮೀನು ಸುಟ್ಟು, ರಾತ್ರಿಯೆಲ್ಲ ದುಡಿದು ಬಂದೋರನ್ನ ತಿಂಡಿಗೆ ಕರೀತಿದ್ರು. ಅವರನ್ನ ಯಾರಾದ್ರೂ ಗಂಡಸಲ್ಲ ಅಂದ್ರಾ?" ಬೋಗುಣಿಯಲ್ಲಿ ಬಿದ್ದಿದ್ದ ಸಿಪ್ಪೆ ಹೆಕ್ಕುತ್ತ ಮತ್ತೆ ಹೇಳಿದಳು. "ಭಾನುವಾರ ಸುಗ್ಗಿ ಹಬ್ಬ. ಇಪ್ಪತ್ತೆಂಟು ವರ್ಷದಿಂದ ಈ ಮನೆ ಕಾಣಿಕೆ ತಪ್ಪಿಲ್ಲ. ಈ ಸಲ ನಾನು ಒಯ್ಯಲ್ಲ. ಇದು ನನ್ನ ಕೈಕೆಲಸ ಅಲ್ಲ. ದೇವರ ಮುಂದೆ ಸುಳ್ಳು ಇಡೋಕೆ ನಂಗಾಗಲ್ಲ. ನೀವು ಒಯ್ದರೆ ಹೋಗುತ್ತೆ. ಇಲ್ಲಾಂದ್ರೆ ಈ ವರ್ಷ ನಮ್ಮನೆಯಿಂದ ಏನೂ ಇಲ್ಲ."

ಹೋದ ಸುಗ್ಗಿ ಹಬ್ಬಕ್ಕೆ ಅವನು ಹೋಗಿರಲಿಲ್ಲ. ಬೇರೊಬ್ಬ ಕೂಗುವುದನ್ನು ಕೇಳಲಾರೆ ಎಂದು ಹೊದ್ದು ಮಲಗಿದ್ದ.

ಶುಕ್ರವಾರ ಇಬ್ಬರ ನಡುವೆ ಉಪ್ಪು, ಸಕ್ಕರೆ ಬಿಟ್ಟರೆ ಮಾತಿಲ್ಲ. ಶನಿವಾರ ಅವನು ಹಿತುಕಲು ಕೂತ. ಎರಡು ವರ್ಷದಿಂದ ದೇವರಲ್ಲಿ ಅವನು ಕೇಳಿದ್ದು ಒಂದೇ, ದನಿ ಕೊಡು ಎಂದು. ಕೊಡಲಿಲ್ಲವೆಂದು ಮುನಿಸು. ಅರ್ಧ ಬೋಗುಣಿ ಮುಗಿದಾಗ ಸುಮ್ಮನೆ ಕೈ ನಿಲ್ಲಿಸಿ ಹೆಬ್ಬೆರಳು ನೋಡಿಕೊಂಡ. ನೀರಲ್ಲಿ ನೆನೆದು ಸುಕ್ಕಾಗಿತ್ತು, ಅವರೆಯ ಸೊಗಡು ಹತ್ತಿತ್ತು. ಈ ಬೆರಳಿನಿಂದಲೇ ಒಂದು ಚಳಿಗಾಲವಿಡೀ ಮನೆಯ ಒಲೆ ಉರಿದಿತ್ತು. ಇದನ್ನು ಅವನು ಕೇಳಿರಲಿಲ್ಲ, ಆದರೂ ಇತ್ತು. ಅವತ್ತು ಊಟಕ್ಕೆ ಕೂತಾಗ ಸುಗುಣಾ ಕಣ್ಣುಮುಚ್ಚುವ ಮೊದಲೇ ಅವನು ಪಿಸುಗುಟ್ಟಿದ, ಸ್ತೋತ್ರ ಸ್ವಾಮಿ ಎಂದು. ಅವಳು ಒಂದು ಸೌಟು ಸಾರು ಜಾಸ್ತಿ ಬಡಿಸಿದಳು.

ಭಾನುವಾರ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬೇಳೆಯ ಬೋಗುಣಿ ಎರಡು ಕೈಯಲ್ಲಿ ಹಿಡಿದು, ಕುಂಬಳಕಾಯಿ ಹೊತ್ತವರ ಸಾಲಿನಲ್ಲಿ ನಡೆದ. ಎಲ್ಲ ಸುಸೂತ್ರವಾಯಿತು, ಒಂದು ಬಿಟ್ಟು. ನೋಡಿದವರೆಲ್ಲ ಅವನು ಹೆಂಡತಿಯ ಕಾಣಿಕೆ ಹೊತ್ತು ತಂದಿದ್ದಾನೆ ಎಂದುಕೊಂಡರು. ಕುಡುಕ ಸರಿಹೋದ ಎಂದು ಅಯ್ಯನವರ ಮುಖ ಅರಳಿತು. ಹಿರಿಯರು ಕಣ್ಣೊರೆಸಿಕೊಂಡರು.

ಆರಾಧನೆ ಮುಗಿದು ಅಂಗಳದಲ್ಲಿ ಹರಾಜು ಶುರುವಾಯಿತು. ಈ ಹರಾಜಿಗೆ ಸುತ್ತಲಿನ ಬೀದಿಯವರೂ ಬರುತ್ತಾರೆ. ಮುನಿಕೃಷ್ಣಪ್ಪ, ದ್ರೌಪದಮ್ಮ ಹಿಂದಿನ ಸಾಲಿನಲ್ಲಿದ್ದರು. ಗಾಯನ ತಂಡದ ಶಶಿಕಿರಣ್ ಮೈಕಿನಲ್ಲಿ ಕೂಗುತ್ತಿದ್ದ. ಬೋಗುಣಿಯ ಸರದಿ ಬಂತು. ನಮ್ಮ ಸುಗುಣಕ್ಕ ತಮ್ಮ ಕೈಯಾರೆ ಹಿತುಕಿದ ಬೇಳೆ, ಒಂದೂ ಒಡೆದಿಲ್ಲ ನೋಡಿ ಎಂದು ಎತ್ತಿ ತೋರಿಸಿದ.

ಸುಗುಣಾ ತಲೆ ತಗ್ಗಿಸಿದಳು. ಗಂಡನ ಕಡೆ ನೋಡಲಿಲ್ಲ.

ಜೀವರತ್ನ ಎದ್ದ. ಏನೋ ಹೇಳಿದ, ಯಾರಿಗೂ ಕೇಳಿಸಲಿಲ್ಲ. ಮುಂದೆ ಬಂದು ಮತ್ತೆ ಹೇಳಿದ. ಶಶಿಕಿರಣ್ ಏನು ಮಾಮಾ ಎಂದು ಮೈಕು ಬಗ್ಗಿಸಿದ. ಹಿಂದೆ ಅವನ ಕೂಗಿಗೆ ಜನ ಕಿವಿ ಮುಚ್ಚುತ್ತಿದ್ದರು. ಈಗ ಕಿವಿ ಮುಂದೆ ಚಾಚಿದರು.

"ಅವಳಲ್ಲ. ನಾನು ಹಿತುಕಿದ್ದು. ಈ ಚಳಿಗಾಲ ಪೂರ್ತಿ ನಾನೇ. ಅವಳ ಕೈಗೆ ನೋವು." ಉಸಿರು ತೆಗೆದುಕೊಂಡ. "ಬಾಗಿಲು ಹಾಕ್ಕೊಂಡು ಮಾಡ್ತಿದ್ದಿದ್ದು ಇದನ್ನೇ. ಕುಡಿಯೋದು ಸುಳ್ಳು."

ಹಿಂದಿನ ಸಾಲಿನಿಂದ ಮುನಿಕೃಷ್ಣಪ್ಪನ ದನಿ ಬಂತು. "ಅಲ್ಲಯ್ಯ, ಇದಕ್ಕೋಸ್ಕರ ಕುಡುಕ ಅಂತ ಒಪ್ಕೊಂಡ್ಯಾ?"

ನಗು ಒಂದು ಮೂಲೆಯಲ್ಲಿ ಎದ್ದು ಅಂಗಳ ತುಂಬಿತು. ಯಾರೋ, "ಜೀವರತ್ನ, ಮುಂದಿನ ಸಲ ಕಜ್ಜಾಯಾನೂ ಮಾಡ್ತೀಯಾ?" ಎಂದು ಕಿಚಾಯಿಸಿದರು.

ಜೀವರತ್ನ ಮೈಕು ಬಿಡಲಿಲ್ಲ. "ಮಾಡ್ತೀನಿ. ತಿಂದ ತಟ್ಟೆ ನೀನೇ ತೊಳೀಬೇಕು."

ಈ ಸಲ ಎದ್ದ ನಗು ಬೇರೆಯಾಗಿತ್ತು, ಅವನ ಜೊತೆ ಸೇರಿ ನಕ್ಕದ್ದು. ಅಯ್ಯನವರು ಕನ್ನಡಕ ಒರೆಸಿಕೊಳ್ಳುತ್ತ, ನನ್ನ ಪ್ರಾರ್ಥನೆ ಇಷ್ಟು ಬೇಗ ಫಲಿಸಿದ್ದು ಇದೇ ಮೊದಲು ಎಂದರು. ಬೋಗುಣಿಯನ್ನು ಮುನಿಕೃಷ್ಣಪ್ಪ ಪಟ್ಟು ಹಿಡಿದು ಕೂಗಿ ಪಡೆದ. ಮನೆಗೆ ಹೋಗುವ ದಾರಿಯಲ್ಲಿ ದ್ರೌಪದಮ್ಮ ಅದನ್ನು ಗಂಡನ ಕೈಗೇ ಕೊಟ್ಟು ಹೊರಿಸಿದಳು. ಒಂದು ಬೇಳೆ ಎತ್ತಿ ಬೆಳಕಿಗೆ ಹಿಡಿದು, "ಇದನ್ನ ಮಾಡೋಕೆ ನಿಮ್ಮ ಕೈಗೇನಾಗಿದೆ?" ಎಂದಷ್ಟೇ ಕೇಳಿದಳು.

ಸೋಮವಾರ ಮೂರು ಗಂಟೆಗೆ ಮುನಿಕೃಷ್ಣಪ್ಪ ತನ್ನದೇ ಒಂದು ಪಾತ್ರೆ ತಂದು ಜಗಲಿಯ ಮೇಲೆ ಕೂತ. ಮೊದಲ ಇಪ್ಪತ್ತು ಕಾಳಿನಲ್ಲಿ ಹದಿನೆಂಟು ಒಡೆದ. ಮೆಲ್ಲಗೆ ಮಚ್ಚಾ ಮೆಲ್ಲಗೆ ಎಂದು ಜೀವರತ್ನ ಪಿಸುಗುಟ್ಟುತ್ತಿದ್ದ. ವಠಾರದವರು ಬಿಸಿಲು ಕಾಯುತ್ತ ಇಬ್ಬರನ್ನೂ ನೋಡಿ ನಗುತ್ತಿದ್ದರು.

ಮಂಗಳವಾರ ಸುಗುಣಾಳ ತಂಗಿಯ ಫೋನು ಬಂತು, ತನ್ನ ಮಗಳಿಗೆ ಹೆರಿಗೆಯಾಗಿದೆ, ಒಂದು ವಾರ ಬಂದಿರು ಎಂದು. ಆಪರೇಷನ್ ಆದಾಗಿನಿಂದ ಅವಳು ಗಂಡನನ್ನು ಬಿಟ್ಟು ಒಂದು ರಾತ್ರಿಯೂ ಎಲ್ಲೂ ತಂಗಿರಲಿಲ್ಲ. ಜೀವರತ್ನನೇ ಚೀಲಕ್ಕೆ ಬಟ್ಟೆ ತುಂಬಿದ. ತಿಂಡಿ ಬೀದಿಗೆ ಬೇಳೆ ತಾನೇ ಒಯ್ದು ಕೊಡುತ್ತೇನೆ ಎಂದ. ಬುಧವಾರ ಬೆಳಿಗ್ಗೆ ಏಳರ ಬಸ್ಸಿಗೆ ಸುಗುಣಾ ತಂಗಿಯ ಊರು ಚಿಕ್ಕಬಳ್ಳಾಪುರಕ್ಕೆ ಹೊರಟುಹೋದಳು.