ಡಬ್ಬಿಯೊಳಗಿನ ಭಂಡಾರ

ಇವತ್ತೂ ಸ್ವರ ಏಳದಿದ್ದರೆ ಎಂಬ ಭಯ ಯಕ್ಷಿತಾಳಿಗೆ, ಯಾರಿಗೂ ಹೇಳಿಕೊಳ್ಳುವಷ್ಟು ದೊಡ್ಡದಲ್ಲ, ತನಗೆ ತಾನೇ ಒಪ್ಪಿಕೊಳ್ಳಲೂ ನಾಚಿಕೆ, ಕೌಂಟರಿನಾಚೆ ನಿಂತವರೆಲ್ಲ ಕಿವಿ ಮುಂದೆ ಮಾಡಿ ಕ್ಯಾ ಬೋಲಾ ಕ್ಯಾ ಬೋಲಾ ಅನ್ನುತ್ತಾರೆ, ಡೈರಿಯಲ್ಲಾದರೆ ಪುಟಗಟ್ಟಲೆ ಜಗಳವಾಡುವವಳು ಮಲಾಡಿನ ಈ ಮೆಡಿಕಲ್ಲಿನಲ್ಲಿ ಮಾತ್ರೆ ತೆಗೆದುಕೊಡುವ ಎರಡು ಕೈ ಮಾತ್ರ, ಮತ್ತೆ ಗೋಡೆಯ ಮೇಲೊಂದು ಹೆಸರು, ಚೌಕಟ್ಟು ಹಾಕಿಸಿ ಗಣಪತಿಯ ಪಕ್ಕದಲ್ಲೇ ತೂಗುಹಾಕಿದ್ದಾರೆ ಅಂಗಡಿ ನಡೆಸುವ ರಮಾನಾಥ ಮಾವ, ಫಾರ್ಮಸಿಸ್ಟ್ ಯಕ್ಷಿತಾ, ಆ ನೋಂದಣಿ ಕಾಗದ ಇಲ್ಲದಿದ್ದರೆ ಅಂಗಡಿಯ ಶಟರ್ ಎತ್ತುವಂತಿಲ್ಲ, ಮಾವ ಊದುಬತ್ತಿ ಬೆಳಗುವಾಗ ಅದಕ್ಕೂ ಒಂದು ಸುತ್ತು — ಫ್ರಿಜ್ಜು ಗುಂಯ್‌ಗುಡುತ್ತಿದೆ, ಅದರೊಳಗೆ ಆ ಡಬ್ಬಿ, ಬೆಳಿಗ್ಗೆ ಮಾಲು ತಂದುಕೊಡುವ ಹಿತೇಶ್ ಬ್ಯಾಗಿನಿಂದ ತೆಗೆದುಕೊಟ್ಟದ್ದು, ಕಾಂದಿವಲಿಯ ಯಾವುದೋ ಗೋಡೌನಿನ ಮಾಲು, ಬಿಲ್ ಆಮೇಲೆ ಕೊಡ್ತೇನೆ ಅಣ್ಣಾ, ಬಿಲ್ ಯಾವತ್ತೂ ಆಮೇಲೆಯೇ, ಕ್ಯಾನ್ಸರಿನ ಇಂಜೆಕ್ಷನ್, ಮುರಿಗೆಪ್ಪನವರಿಗಾಗಿ ತರಿಸಿದ್ದು, ಅವಳು ಸೀಲ್ ಬಿಡಿಸಿ ಸೀಸೆಯ ನಂಬರಿಗೂ ಡಬ್ಬಿಯ ನಂಬರಿಗೂ ತಾಳೆ ನೋಡಿದಳು, ಕಾಲೇಜಿನಲ್ಲಿ ಕಲಿಸಿದ ಅಭ್ಯಾಸ, ನಂಬರು ಸರಿಯಾಗಿಯೇ ಇತ್ತು, ಆದರೆ ಮುಚ್ಚಳದ ಮಡಿಕೆಯ ಒಳಗೆ ಹಳದಿ, ಹೆಬ್ಬೆರಳಿನ ಗುರುತು, ಗೆರೆಗಳ ಸಮೇತ.

ಆ ಬೆರಳು ಯಾರದೆಂದು ಅವಳಿಗೆ ಗೊತ್ತು, ಮುರಿಗೆಪ್ಪನವರ ಹೆಂಡತಿ ನಾಗವ್ವ, ವಿಜಯಪುರದ ಕಡೆಯವಳು, ಪ್ರತಿ ಸಲ ಸೂಜಿ ಚುಚ್ಚಿಸುವ ಮುಂಚೆ ಔಷಧದ ಡಬ್ಬಿಗೆ ಯಲ್ಲಮ್ಮನ ಭಂಡಾರ ಒತ್ತುವವಳು — ಹೊರಗ ಹಚ್ಚಿದ್ರ ನರ್ಸಬಾಯಿ ಬೈತಾಳವ್ವ, ಅರಿಷಿಣಪುಡಿ ಯಾಕ ತರ್ತಿ ಅಂತಾಳ, ಅದಕ್ಕ ಕದ್ದು ಒಳಗ ಹಚ್ಚತೀನಿ, ದೇವಿಗೇನು ಒಳಗ ಹೊರಗ, ಎಂದು ನಕ್ಕಿದ್ದಳು, ಔಷಧ ಮುಗಿದ ಮೇಲೆ ಖಾಲಿ ಸೀಸೆಯನ್ನು ತೊಳೆದು ಒರೆಸಿ, ಡಬ್ಬಿಯ ಮೂಲೆ ಮುದುಡದಂತೆ ಸೆರಗಿನಲ್ಲಿ ಹಿಡಿದು ತಂದು ಕೊಡುತ್ತಿದ್ದಳು, ಮಾವನೇ ಹೇಳಿದ್ದು, ಕಸಕ್ಕೆ ಹಾಕ್ಬೇಡಿ ನಾಗವ್ವ, ಅದು ವಿಷ, ನಮ್ಗೇ ಕೊಡಿ, ಸರಿಯಾಗಿ ವಿಲೇವಾರಿ ಮಾಡ್ತೇವೆ, ಆ ವಿಲೇವಾರಿ ಈಗ ಹೊಸ ಸೀಲ್ ಹಚ್ಚಿಕೊಂಡು ತಿರುಗಿ ಬಂದಿದೆ, ಒಳಗೆ ಏನು ತುಂಬಿದ್ದಾರೋ, ಉಪ್ಪುನೀರೋ ನಲ್ಲಿನೀರೋ, ಅವಳು ಹರಸಿದ ಡಬ್ಬಿಯಲ್ಲೇ ಅವಳ ಗಂಡನ ಸಾವನ್ನು ಕಟ್ಟಿ ಅವಳಿಗೇ ಮಾರುವುದು, ಥೂ — ಮಾವನಿಗೆ ತೋರಿಸಿದಳು, ಡಬ್ಬಿ ಮುಂದೆ ಹಿಡಿದಳು ಅಷ್ಟೆ, ಅವರು ಎಂಜಲು ಹಚ್ಚಿ ಉಜ್ಜಿದರು, ಕಲೆ ಹೋಗಲಿಲ್ಲ, ಎಂಥದ್ದು ಮಾರಾಯ್ತಿ, ಗೋಡೌನಲ್ಲಿ ಯಾರೋ ವಡಾ ಪಾವ್ ತಿಂದ ಕೈ ಆಗಿರ್ಬೇಕು, ಇದಕ್ಕೆಲ್ಲ ಮುಖ ಸಣ್ಣ ಮಾಡ್ಲಿಕ್ಕುಂಟಾ, ಆಮೇಲೆ ಸ್ವರ ತಗ್ಗಿಸಿ, ಗೋಡೆ ನೋಡುತ್ತ, ನಾಳೆ ಇನ್ಸ್‌ಪೆಕ್ಟರ್ ಬಂದ್ರೆ ಹಿಡಿಯುದು ಯಾರನ್ನು ಗೊತ್ತುಂಟಲ್ಲ, ಅಲ್ಲಿರುದು ನನ್ನ ಹೆಸರಲ್ಲ — ಅಪ್ಪ ಹೋದ ಮೇಲೆ ಓದಿಸಿದ ಮಾವ, ಊರಿಡೀ ಹೊಗಳಿದ ಮಾವ, ಓದಿಸಿದ್ದು ಈ ಮೊಳೆಗೆ ತೂಗುಹಾಕಲಿಕ್ಕೇ ಇರಬೇಕು.

ನಾಗವ್ವ ಬಂದೇಬಿಟ್ಟಳು, ಕೈಯಲ್ಲಿ ಐಸ್ ತುಂಬಿದ ಥರ್ಮಾಸ್, ಏನವ್ವ ತಂಗಿ, ಮಾರಿ ಯಾಕ ಬಾಡೇದ, ಮಾಮಾ ಬೈದಾರೇನು, ಮಾವ ಹಲ್ಲು ಕಿರಿದರು, ಅದು ಬಾಯಿ ಬಿಟ್ರೆ ತಾನೆ ಬೈಲಿಕ್ಕೆ, ನಾಗವ್ವ ಇವತ್ತು ನಗಲಿಲ್ಲ, ಗಂಟು ಕರಗವಲ್ದಂತವ್ವ, ಇಷ್ಟು ಭಾರಿ ಔಷಧ ಯಾಕ ಹತ್ತವಲ್ದೋ ತಿಳೀವಲ್ದು ಅಂದ್ರು ಡಾಕ್ಟರು, ನಾ ಏನರ ತಪ್ಪು ಮಾಡೀನೇನು, ದಾರ್ಯಾಗ ಐಸ್ ಕಡಿಮಿ ಬಿತ್ತೇನು, ರಾತ್ರೆಲ್ಲಾ ಅದಽ ವಿಚಾರ, ನನ್ನ ಕೈಗುಣಾನ ಕೆಟ್ಟದ ಏನೋ — ಹಾಗೆಲ್ಲ ಎಂಥದ್ದೂ ಇಲ್ಲ, ಇವತ್ತು ಕೊಡ್ಸಿ ನೋಡಿ, ಎಂದು ಮಾವ ಡಬ್ಬಿಯನ್ನು ಕೌಂಟರಿನ ಮೇಲೆ ಅವಳ ಕಡೆ ಸರಿಸಿದರು, ನಾಗವ್ವನ ಕೈ ಮುಂದೆ ಬಂತು, ಹೆಬ್ಬೆರಳಿನ ಸೀಳುಗಳಲ್ಲಿ ಹಳದಿ, ಉಗುರಿನ ಸಂದಿಯಲ್ಲಿ ಹಳದಿ, ಆ ಬೆರಳು ಡಬ್ಬಿಯನ್ನು ಮುಟ್ಟುವ ಮೊದಲೇ ಯಕ್ಷಿತಾಳ ಅಂಗೈ ಅದರ ಮೇಲೆ ಬಿದ್ದಿತ್ತು, ಏ ಯಕ್ಷಿ, ಎಂದರು ಮಾವ, ಅಂಗೈ ಏಳಲಿಲ್ಲ, ಅದರ ಕೆಳಗೆ ತಣ್ಣಗೆ ಆ ಹೆಬ್ಬೆರಳು, ಮಡಿಕೆಯೊಳಗಿನ ಹಳದಿ ಹೆಬ್ಬೆರಳು —

ನಿಮ್ದು ಎಂಥ ತಪ್ಪೂ ಇಲ್ಲ ನಾಗವ್ವಕ್ಕಾ, ಇದು ಔಷಧವೇ ಅಲ್ಲ.