ಹಳ್ಳಕ್ಕೆ ಹೋಗುತ್ತಿದ್ದ ನೀಲಿ

ವಿನೋದನ ಬಾಯಿಂದ ‘ನೀರು ಅಂದ್ರ ಗಂಗಾಮಾತೆ’ ಎಂಬ ಭಾಷಣ ಕೇಳಿದರೆ ಮೆರ್ಲಿನ್‌ಗೆ ಮೈ ಉರಿಯುತ್ತಿತ್ತು. ಶಿರಗುಪ್ಪಿ ಹಾದಿಯ ಆ ನೂಲಿನ ಗಿರಣಿಗೆ ಅವನು ಮ್ಯಾನೇಜರ್. ಮಾಲೀಕ ಗುರುಶಿದ್ದಪ್ಪನ ಅಳಿಯ ಎನ್ನುವುದೊಂದೇ ಅವನ ಅರ್ಹತೆ. ಮೆರ್ಲಿನ್ ಅಲ್ಲಿ ನೀರು ಶುದ್ಧ ಮಾಡುವ ಘಟಕದ ಇಂಜಿನಿಯರ್.

ಜೀನ್ಸ್ ನೂಲಿಗೆ ನೀಲಿ ಬಣ್ಣ ಹಾಕಿ ಉಳಿದ ನೀರನ್ನು ಅಲ್ಟ್ರಾಫಿಲ್ಟ್ರೇಷನ್ ಘಟಕಕ್ಕೆ ಹಾಯಿಸಿದರೆ, ಶ್ಯಾವಿಗೆ ಎಳೆಯಂಥ ಪೊರೆಯ ನಳಿಕೆಗಳು ಬಣ್ಣದ ಕಣಗಳನ್ನು ಹಿಡಿದಿಟ್ಟು ನೀರನ್ನಷ್ಟೇ ಬಿಡುತ್ತವೆ. ಆ ನೀರು ಮತ್ತೆ ಗಿರಣಿಗೇ ಬರಬೇಕು. ಆದರೆ ನಳಿಕೆಗಳನ್ನು ಆಗಾಗ ತೊಳೆಯಬೇಕು, ತೊಳೆಯುವಾಗ ಗಿರಣಿಯ ಕೆಲಸ ನಿಲ್ಲಬೇಕು. ವಿನೋದ ನಿಲ್ಲಗೊಡಲಿಲ್ಲ. ನಳಿಕೆಗಳು ಕಟ್ಟಿಕೊಂಡವು. ಅವನು ಘಟಕವನ್ನೇ ಬಂದ್ ಮಾಡಿಸಿ, ನೀರನ್ನು ಅಡ್ಡ ಪೈಪಿನಿಂದ ಹಳ್ಳಕ್ಕೆ ಬಿಡಿಸಿದ. ಪೊರೆಗಳು ಒಣಗಿ ಹಾಳಾದವು. ಹಾಳಾದ ಘಟಕದ ಹೊರಗೋಡೆಗೆ ಹಸಿರು ಬಣ್ಣ ಹಚ್ಚಿಸಿ, ಪರಿಸರ ಪ್ರಶಸ್ತಿಗೆ ಅರ್ಜಿ ಹಾಕಿದ!

ಪ್ರಶಸ್ತಿ ಕೊಡುವವರು ಬರುವ ದಿನ ಅವನೇ ಅವಳ ಬಳಿ ಬಂದ.

“ಘಟಕ ಯಾಕ ನಿಂತೈತಿ ಅಂತ ಯಾರರ ಕೇಳಿದ್ರ ಸರ್ವಿಸ್ ನಡದೈತಿ ಅಂತ ಹೇಳ್ರಿ. ನಕ್ಕೋತ ಹೇಳ್ರಿ ಮತ್ತ.”

“ಸತ್ತದ್ದಕ್ಕ ಎಂಥಾ ಸರ್ವಿಸ್ ರೀ?”

“ಭಾಳ ಶಾಣ್ಯಾತನ ಬ್ಯಾಡ್ರಿ.”

ಬಂದವರ್‍ಯಾರೂ ಏನನ್ನೂ ಕೇಳಲಿಲ್ಲ. ಹಸಿರು ಗೋಡೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡರು, ಗಂಗಾಮಾತೆಯ ಭಾಷಣಕ್ಕೆ ತಲೆದೂಗಿದರು, ಶೇಂಗಾ ಹೋಳಿಗೆಯ ವಾಸನೆ ಹಿಡಿದು ಶಾಮಿಯಾನಾದತ್ತ ನಡೆದರು. ಇವರಿಗಿಂತ ವಿನೋದನೇ ವಾಸಿ, ತಾನು ಕಳ್ಳ ಎಂಬುದಾದರೂ ಅವನಿಗೆ ಗೊತ್ತು ಎನಿಸಿತು ಮೆರ್ಲಿನ್‌ಗೆ. ಅವಳು ಘಟಕದ ಹಿಂದಕ್ಕೆ ಹೋಗಿ ಅಡ್ಡ ಪೈಪಿನ ವಾಲ್ವ್ ತಿರುಗಿಸಿ ಬಂದ್ ಮಾಡಿದಳು. ಅದಕ್ಕೆ ಸರಪಳಿ ಸುತ್ತಿ ಕೀಲಿ ಹಾಕಿದಳು.

ಹೊಲಸು ನೀರಿನ ತೊಟ್ಟಿ ತುಂಬಿ ಹೊರಚೆಲ್ಲತೊಡಗಿತು. ಇಳಿಜಾರಿನ ಅಂಗಳದಲ್ಲಿ ನೀಲಿ ನೀರು ಸಾವಕಾಶ ಹರಿದು ಶಾಮಿಯಾನಾದೊಳಗೆ ಹೊಕ್ಕಿತು. ಅತಿಥಿಗಳು ತಾಟು ಬಿಡದೆ ಕುರ್ಚಿಗಳ ಮೇಲೆ ಕಾಲೆತ್ತಿ ಕುಳಿತರು. ವಿನೋದ ಓಡಿಬಂದು ಕಿರುಚಿದ, “ಕೀಲಿ ತಗೀರಿ!”

“ಒಡೀರಿ. ಸುತ್ತಿಗಿ ಅಲ್ಲೇ ಐತಿ,” ಎಂದಳು ಮೆರ್ಲಿನ್.

ಅವನು ನೀಲಿ ಕೆಸರನ್ನೊಮ್ಮೆ, ತನ್ನ ಬೂಟುಗಳನ್ನೊಮ್ಮೆ ನೋಡಿ ಅಲ್ಲೇ ನಿಂತ. ಅಷ್ಟರಲ್ಲಿ ಗುರುಶಿದ್ದಪ್ಪ ಧೋತರ ಎತ್ತಿಕೊಂಡು ಬಂದ. ಅಂಚು ಆಗಲೇ ನೀಲಿಯಾಗಿತ್ತು.

“ಏನವಾ ಇದು?”

“ದಿನಾ ಹಳ್ಳಕ್ಕ ಹೋಗೋ ನೀರ್‍ರೀ ಇದು. ಇವತ್ತ ನಿಮ್ಮ ಕಡೆ ಬಂದೈತಿ.”

ಮುದುಕ ಅಳಿಯನತ್ತ ತಿರುಗಿದ. “ಇಷ್ಟು ಮಂದಿ ಮುಂದ ನನ್ನ ಮಾನಾ ಕಳದ್ಯಲ್ಲೋ!” ಎಂದ. ಹಳ್ಳದ ಮಾತೇ ಬರಲಿಲ್ಲ. ಆ ನೀರು ಕುಡಿಯುವ ದನಗಳ ಮಾತೂ ಇಲ್ಲ.

ಹೊಸ ನಳಿಕೆಗಳು ಬಂದವು. ಅವುಗಳನ್ನು ತೊಳೆಯುವ ದಿನ ಕೆಲಸ ನಿಲ್ಲಿಸಲು ಮಾಲೀಕನೇ ಹುಕುಂ ಕೊಟ್ಟ. ಘಟಕದಿಂದ ತಿಳಿನೀರು ಬೀಳುವುದನ್ನು ನೋಡಲು ಅವನು ಒಂದು ಮುಂಜಾನೆ ಬಂದು ಎದೆಯುಬ್ಬಿಸಿ ನಿಂತ.

“ನಿನ್ನಂಥಾಕಿ ಬೇಕವಾ ನಮಗ. ನೀರು ಅಂದ್ರ ದೇವರು.”

ಅಳಿಯನ ಭಾಷಣ ಮಾವನ ಬಾಯಿಗೂ ಬಂದಿತ್ತು. ಮೆರ್ಲಿನ್ ಕತ್ತೆತ್ತಲಿಲ್ಲ.

“ನಳಿಕಿ ತೊಳಿಯೂದೈತ್ರಿ,” ಎಂದಳು. “ಸ್ವಲ್ಪ ಆಚೆ ಸರೀರಿ.”